ಡೆಂಗಿಯಲ್ಲಿ ಹಿಮೋಗ್ಲೋಬಿನ್ ಏರಿದರೆ ವೈದ್ಯರಿಗೆ ಆತಂಕವೇಕೆ? ರಕ್ತದ ಪ್ಲಾಸ್ಮಾದ ಬಗ್ಗೆ ತಿಳಿಸುವಿರಾ?

ಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಮಳೆಗಾಲದಲ್ಲಿ ನನ್ನ ಭಾವನವರು ಡೆಂಗಿ ಜ್ವರದಿಂದ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದರು. ಈಗ ಗುಣಮುಖರಾಗಿ ಮನೆಯಲ್ಲಿದ್ದಾರೆ, ಆದ್ದರಿಂದ ಇದು ಚಿಕಿತ್ಸೆಯ ಸಲಹೆಗಾಗಿ ಕೇಳುತ್ತಿರುವ ಪ್ರಶ್ನೆಯಲ್ಲ. ಆದರೆ ಅಲ್ಲಿ ಕೇಳಿದ ಒಂದು ಮಾತು ನನಗೆ ಇನ್ನೂ ಸ್ಪಷ್ಟವಾಗಿಲ್ಲ.

ಜ್ವರ ಬಿಟ್ಟ ದಿನ ಅವರ ಹಿಮೋಗ್ಲೋಬಿನ್ 13.6ರಿಂದ 16.4ಕ್ಕೆ ಏರಿತ್ತು. ಜ್ವರವೂ ಬಿಟ್ಟಿತು, ರಕ್ತವೂ ಹೆಚ್ಚಾಯಿತು ಎಂದು ಮನೆಯವರೆಲ್ಲ ಸಮಾಧಾನಪಟ್ಟರು. ವೈದ್ಯರು ಮಾತ್ರ ಅದೇ ಅಂಕಿಯನ್ನು ನೋಡಿ, ‘ಪ್ಲಾಸ್ಮಾ ಸೋರುತ್ತಿದೆ, ಇನ್ನೆರಡು ದಿನ ಬಹಳ ಜಾಗ್ರತೆ ಬೇಕು’ ಎಂದು ಹೇಳಿ, ಮೂತ್ರದ ಪ್ರಮಾಣವನ್ನೂ ರಕ್ತದೊತ್ತಡವನ್ನೂ ಪದೇ ಪದೇ ನೋಡುವಂತೆ ದಾದಿಯರಿಗೆ ಸೂಚಿಸಿದರು. ನೋಡಲು ಬಂದ ನೆಂಟರು ಕೇಳುತ್ತಿದ್ದುದು ಪ್ಲೇಟ್‌ಲೆಟ್ ಎಷ್ಟಾಯಿತು ಎಂಬುದನ್ನಷ್ಟೇ. ಪ್ಲಾಸ್ಮಾದ ಬಗ್ಗೆ ಯಾರೂ ಕೇಳಲಿಲ್ಲ, ಕೇಳುವಷ್ಟು ತಿಳಿದವರೂ ನಮ್ಮಲ್ಲಿ ಇರಲಿಲ್ಲ.

ಪ್ಲಾಸ್ಮಾ ಎಂದರೆ ರಕ್ತದ ನೀರಿನ ಭಾಗ ಎಂದು ಶಾಲೆಯಲ್ಲಿ ಕಲಿತ ನೆನಪಿದೆ. ಬರೀ ನೀರೇ ಆಗಿದ್ದರೆ ಅದು ಸೋರಿ ಹೋದಷ್ಟನ್ನು ಕುಡಿದು ತುಂಬಿಸಲು ಬರುವುದಿಲ್ಲವೇ? ಅದರಲ್ಲಿ ಇನ್ನೇನಿದೆ? ಸೋರಿದ್ದು ಎಲ್ಲಿಗೆ ಹೋಗುತ್ತದೆ? ದಯವಿಟ್ಟು ತಿಳಿದವರು ವಿವರವಾಗಿ ಬರೆಯಿರಿ. ಮಕ್ಕಳು ಕೇಳಿದಾಗ ಸರಿಯಾದ ಉತ್ತರ ಕೊಡಬೇಕೆಂಬ ಆಸೆಯೂ ನನಗಿದೆ.

ಉತ್ತರ: ಕುಂಬಳೆಯ ಲ್ಯಾಬ್ ತಂತ್ರಜ್ಞ

ಟೀಚರೇ, ಪ್ಲಾಸ್ಮಾದಲ್ಲಿ ಏನಿದೆ ಎಂಬುದನ್ನು ನಾನು ಹೇಳುತ್ತೇನೆ. ಸೋರುವ ವಿಚಾರವನ್ನು ವೈದ್ಯರು ಹೇಳಿದರೆ ಒಳ್ಳೆಯದು.

ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕವಿರುವ ನಳಿಕೆಯಲ್ಲಿ ರಕ್ತವನ್ನು ತೆಗೆದುಕೊಂಡು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಮೂರು ಪದರಗಳು ಕಾಣುತ್ತವೆ. ತಳದಲ್ಲಿ ಕೆಂಪು ರಕ್ತಕಣಗಳು, ಅದರ ಮೇಲೆ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಸೇರಿದ ತೆಳುವಾದ ಬಿಳಿ ಗೆರೆ, ಎಲ್ಲಕ್ಕಿಂತ ಮೇಲೆ ತಿಳಿಹಳದಿ ದ್ರವ. ಆ ದ್ರವವೇ ಪ್ಲಾಸ್ಮಾ. ರಕ್ತದ ಒಟ್ಟು ಗಾತ್ರದಲ್ಲಿ ಸುಮಾರು 55 ಶೇಕಡಾ ಅದೇ ಇರುತ್ತದೆ. ಅಂದರೆ ಐದು ಲೀಟರ್ ರಕ್ತವಿರುವ ವಯಸ್ಕರ ಮೈಯಲ್ಲಿ ಮೂರು ಲೀಟರಿಗೆ ತುಸು ಕಡಿಮೆ. ತಳದ ಕೆಂಪು ಪದರ ಶೇಕಡಾ ಎಷ್ಟಿದೆ ಎಂಬುದನ್ನೇ ವರದಿಯಲ್ಲಿ ಹೆಮಟೋಕ್ರಿಟ್ ಅಥವಾ ಪಿಸಿವಿ ಎಂದು ಬರೆಯುತ್ತೇವೆ.

ನಿಮ್ಮ ಭಾವನವರ ಹಿಮೋಗ್ಲೋಬಿನ್ ಏಕೆ ಏರಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ವರದಿಯಲ್ಲಿ 13.6 ಎಂದಿದ್ದರೆ ಅದು 100 ಮಿಲಿಲೀಟರ್ ರಕ್ತದಲ್ಲಿ 13.6 ಗ್ರಾಂ ಹಿಮೋಗ್ಲೋಬಿನ್ ಇದೆ ಎಂಬ ಅಳತೆ. ಇಡೀ ದೇಹದಲ್ಲಿ ಒಟ್ಟು ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಕೆಂಪು ಕಣಗಳು ಅಷ್ಟೇ ಇದ್ದು ಪ್ಲಾಸ್ಮಾ ಕಡಿಮೆಯಾದರೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಅದೇ 100 ಮಿಲಿಲೀಟರಿನಲ್ಲಿ ಹೆಚ್ಚು ಕಣಗಳು ಬರುತ್ತವೆ, ಯಂತ್ರ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಎರಡು ಮೂರು ದಿನಗಳಲ್ಲಿ ಮೂಳೆಮಜ್ಜೆಯು ಹಿಮೋಗ್ಲೋಬಿನನ್ನು ಅಷ್ಟು ಏರಿಸಲಾರದು. ಆದ್ದರಿಂದ ಡೆಂಗಿ ರೋಗಿಯಲ್ಲಿ ಇಂಥ ದಿಢೀರ್ ಏರಿಕೆ ಕಂಡರೆ ನಾವು ಕೂಡಲೇ ವಾರ್ಡಿಗೆ ಫೋನ್ ಮಾಡುತ್ತೇವೆ.

ಇನ್ನು ಆ ಹಳದಿ ದ್ರವದಲ್ಲಿ ಏನಿದೆ ಎಂಬ ಪ್ರಶ್ನೆ. ಅದರ 90ರಿಂದ 92 ಶೇಕಡಾ ನೀರೇ. ಉಳಿದುದರಲ್ಲಿ ದೊಡ್ಡ ಪಾಲು ಪ್ರೋಟೀನುಗಳದ್ದು: ಆರೋಗ್ಯವಂತರ 100 ಮಿಲಿಲೀಟರ್ ಪ್ಲಾಸ್ಮಾದಲ್ಲಿ ಅವು 6ರಿಂದ 8 ಗ್ರಾಂ ಇರುತ್ತವೆ. ಅವುಗಳ ಪೈಕಿ ಆಲ್ಬುಮಿನ್ 3.5ರಿಂದ 5 ಗ್ರಾಂ; ಪ್ರತಿಕಾಯಗಳೂ ಸೇರಿದ ಗ್ಲೋಬ್ಯುಲಿನ್ ಗುಂಪು ಅದಕ್ಕಿಂತ ಕಡಿಮೆ; ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಅರ್ಧ ಗ್ರಾಂಗೂ ಕಡಿಮೆ. ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೊದಲಾದ ಲವಣಗಳು, ಗ್ಲೂಕೋಸ್, ಅಮೈನೋ ಆಮ್ಲಗಳು, ಕೊಬ್ಬು, ಮೂತ್ರಪಿಂಡದ ಕಡೆಗೆ ಸಾಗುತ್ತಿರುವ ಯೂರಿಯಾ ಮತ್ತು ಕ್ರಿಯಾಟಿನಿನ್, ಹಾರ್ಮೋನುಗಳು, ನಾವು ನುಂಗಿದ ಮಾತ್ರೆಯ ಅಂಶ ಎಲ್ಲವೂ ಅದರಲ್ಲೇ ಇವೆ. ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇದ್ದರೆ ಪೊಟ್ಯಾಸಿಯಂ 3.5ರಿಂದ 5ರಷ್ಟು ಮಾತ್ರ. ಕಣಗಳ ಒಳಗೆ ಪೊಟ್ಯಾಸಿಯಂ ತುಂಬಾ ಹೆಚ್ಚಿರುವುದರಿಂದ, ರಕ್ತ ತೆಗೆಯುವಾಗ ಕಣಗಳು ಒಡೆದರೆ ಪ್ಲಾಸ್ಮಾದಲ್ಲಿ ನಿಜಕ್ಕೂ ಇಲ್ಲದಷ್ಟು ಪೊಟ್ಯಾಸಿಯಂ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥ ಮಾದರಿಯ ಪ್ಲಾಸ್ಮಾ ಕೆಂಪು ಛಾಯೆಗೆ ತಿರುಗಿರುತ್ತದೆ. ಅದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಮತ್ತೊಮ್ಮೆ ರಕ್ತ ಕೇಳುತ್ತೇವೆ.

ಬಣ್ಣವೂ ಬಹಳ ವಿಚಾರ ಹೇಳುತ್ತದೆ. ಸಾಮಾನ್ಯ ಹಳದಿಗೆ ಮುಖ್ಯ ಕಾರಣ ಬಿಲಿರುಬಿನ್. ಕಾಮಾಲೆಯಲ್ಲಿ ಅದು ಗಾಢವಾಗುತ್ತದೆ. ಕೊಬ್ಬಿನ ಊಟ ಮಾಡಿದ ಸ್ವಲ್ಪ ಹೊತ್ತಿನಲ್ಲಿ ತೆಗೆದ ರಕ್ತದ ಪ್ಲಾಸ್ಮಾ ಬೆಳ್ಳಗೆ ಮಸುಕಾಗಿರುತ್ತದೆ, ಏಕೆಂದರೆ ಕರುಳಿನಿಂದ ಬಂದ ಕೊಬ್ಬಿನ ಕಣಗಳು ಇನ್ನೂ ಅದರಲ್ಲಿ ತೇಲುತ್ತಿರುತ್ತವೆ.

ರಕ್ತ ತೆಗೆಯುವಾಗ ಬೇರೆ ಬೇರೆ ಬಣ್ಣದ ಮುಚ್ಚಳಗಳ ನಳಿಕೆಗಳನ್ನು ನೀವು ನೋಡಿರಬಹುದು. ನೇರಳೆ ಮುಚ್ಚಳದ್ದರಲ್ಲಿ ಇಡಿಟಿಎ, ತಿಳಿನೀಲಿಯದ್ದರಲ್ಲಿ ಸಿಟ್ರೇಟ್ ಇರುತ್ತದೆ. ಎರಡೂ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಬೂದು ಮುಚ್ಚಳದ್ದರಲ್ಲಿ ಫ್ಲೋರೈಡ್ ಇರುತ್ತದೆ, ಇಲ್ಲವಾದರೆ ನಳಿಕೆಯೊಳಗೂ ಕಣಗಳು ಗ್ಲೂಕೋಸನ್ನು ಬಳಸುತ್ತಾ ಹೋಗಿ ಸಕ್ಕರೆಯ ಅಳತೆ ಕಡಿಮೆ ಬರುತ್ತದೆ. ಕೆಂಪು ಮುಚ್ಚಳದ್ದರಲ್ಲಿ ರಕ್ತವನ್ನು ಹೆಪ್ಪುಗಟ್ಟಲು ಬಿಡುತ್ತೇವೆ. ಆಗ ಮೇಲೆ ಉಳಿಯುವ ದ್ರವ ಸೀರಂ. ಫೈಬ್ರಿನೋಜನ್ ಮತ್ತು ಹೆಪ್ಪುಗಟ್ಟುವಾಗ ಖರ್ಚಾದ ಕೆಲವು ಅಂಶಗಳನ್ನು ಬಿಟ್ಟರೆ ಸೀರಂನಲ್ಲಿ ಪ್ಲಾಸ್ಮಾದ ಉಳಿದುದೆಲ್ಲ ಇರುತ್ತದೆ.

ಉತ್ತರ: ಮಂಜೇಶ್ವರದ ವೈದ್ಯ

ಮೇಲಿನ ಉತ್ತರವನ್ನು ಓದಿ ಸಂತೋಷವಾಯಿತು. ಟೀಚರ್ ಕೇಳಿದ ‘ಕುಡಿದು ತುಂಬಿಸಲು ಬರುವುದಿಲ್ಲವೇ’ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು, ಆದ್ದರಿಂದ ಅದನ್ನೇ ಎತ್ತಿಕೊಳ್ಳುತ್ತೇನೆ.

ನಮ್ಮ ಲೋಮನಾಳಗಳ, ಅಂದರೆ ಅತಿ ಸಣ್ಣ ರಕ್ತನಾಳಗಳ, ಗೋಡೆ ಒಂದೇ ಸಾಲು ಜೀವಕೋಶಗಳಷ್ಟು ತೆಳು. ಹೃದಯದ ಒತ್ತಡವು ನೀರನ್ನೂ ಲವಣಗಳನ್ನೂ ಆ ಗೋಡೆಯ ಮೂಲಕ ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಹಾಗಿದ್ದೂ ಎಲ್ಲ ನೀರೂ ಹೊರಹೋಗಿ ನಾವು ಊದಿಕೊಳ್ಳದೆ ಇರುವುದಕ್ಕೆ ದೊಡ್ಡ ಕಾರಣ ಆಲ್ಬುಮಿನ್. ಉಪ್ಪಿನಕಾಯಿಗೆ ಹಾಕಿದ ಮಾವಿನ ಮಿಡಿ ಉಪ್ಪಿನ ಎಳೆತಕ್ಕೆ ನೀರು ಬಿಡುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ನೋಡಿದ್ದಾರೆ. ರಕ್ತನಾಳದೊಳಗೆ ಅಂಥ ಎಳೆತವನ್ನು ಉಂಟುಮಾಡುವುದು ಆಲ್ಬುಮಿನ್. ಉಪ್ಪಿನ ಅಣುಗಳು ಚಿಕ್ಕವಾದ್ದರಿಂದ ಲೋಮನಾಳದ ಗೋಡೆಯನ್ನು ಸುಲಭವಾಗಿ ದಾಟಿ ಒಳಗೂ ಹೊರಗೂ ಒಂದೇ ಪ್ರಮಾಣದಲ್ಲಿ ಹರಡಿಕೊಳ್ಳುತ್ತವೆ, ಹೀಗಾಗಿ ನೀರನ್ನು ನಾಳದೊಳಗೆ ಹಿಡಿದಿಡಲು ಅವುಗಳಿಂದ ಆಗುವುದಿಲ್ಲ. ಆಲ್ಬುಮಿನ್ ಅಣು ದೊಡ್ಡದು, ಬಹುಮಟ್ಟಿಗೆ ಒಳಗೇ ಉಳಿಯುತ್ತದೆ. ಪ್ಲಾಸ್ಮಾದ ಪ್ರೋಟೀನುಗಳು ಉಂಟುಮಾಡುವ ಈ ಎಳೆತದ ಒತ್ತಡ ಸುಮಾರು 25 ಮಿಲಿಮೀಟರ್ ಪಾದರಸದಷ್ಟು. ಅದರ ಮುಕ್ಕಾಲು ಪಾಲು ಆಲ್ಬುಮಿನ್ ಒಂದರಿಂದಲೇ ಬರುತ್ತದೆ. ಒಳಗಿನಿಂದ ತಳ್ಳುವ ಒತ್ತಡಕ್ಕೂ ಪ್ರೋಟೀನುಗಳ ಎಳೆತಕ್ಕೂ ಇರುವ ಈ ಸಮತೋಲನವನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದರು. ಅನಂತರ ಅದಕ್ಕೆ ತಿದ್ದುಪಡಿಗಳಾಗಿದ್ದರೂ ಮೂಲ ವಿಚಾರ ಇಂದಿಗೂ ನಮ್ಮ ಚಿಕಿತ್ಸೆಯ ತಳಹದಿಯಾಗಿದೆ.

ಡೆಂಗಿಯಲ್ಲಿ ಆಗುವುದೇನೆಂದರೆ, ಕೆಲವು ರೋಗಿಗಳಲ್ಲಿ ಈ ಗೋಡೆಯೇ ಸಡಿಲಗೊಳ್ಳುತ್ತದೆ. ಭಾವನವರ ವರದಿಯಲ್ಲಿ ‘ಎನ್‌ಎಸ್‌1’ ಎಂಬ ಪರೀಕ್ಷೆ ಇದ್ದಿರಬಹುದು. ಅದು ವೈರಸ್ಸಿನ ಒಂದು ಪ್ರೋಟೀನು. ಲೋಮನಾಳದ ಒಳಮೈಯನ್ನು ಹೊದ್ದಿರುವ ನವಿರಾದ ಪದರವನ್ನು ಅದು ಹಾಳುಮಾಡುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಜೊತೆಗೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಬಿಡುಗಡೆ ಮಾಡುವ ರಾಸಾಯನಿಕಗಳೂ ಸೇರಿಕೊಳ್ಳುತ್ತವೆ. ಆಗ ನೀರಿನ ಜೊತೆಗೆ ಆಲ್ಬುಮಿನ್ ಕೂಡ ಹೊರಬರುತ್ತದೆ, ಬಂದದ್ದು ಹೊರಗಿನಿಂದಲೂ ನೀರನ್ನು ಎಳೆಯುತ್ತದೆ. ಸೋರಿದ ಪ್ಲಾಸ್ಮಾ ದೇಹವನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಶ್ವಾಸಕೋಶದ ಸುತ್ತ, ಹೊಟ್ಟೆಯ ಪೊಳ್ಳಿನಲ್ಲಿ ಸೇರಿಕೊಳ್ಳುತ್ತದೆ. ಸ್ಕ್ಯಾನಿಂಗ್ ಮಾಡಿದರೆ ಪಿತ್ತಕೋಶದ ಗೋಡೆ ದಪ್ಪವಾಗಿ ಕಾಣುತ್ತದೆ. ದೇಹದ ಒಟ್ಟು ನೀರು ಅಷ್ಟೇ ಇರುವಾಗಲೂ ರಕ್ತನಾಳಗಳು ಬರಿದಾಗುತ್ತಾ ಬರುವುದೇ ಈ ಕಾಯಿಲೆಯ ಅಪಾಯ. ಹೊರಗೆ ಒಂದು ತೊಟ್ಟು ರಕ್ತ ಹೋಗದೆಯೂ ರಕ್ತದೊತ್ತಡ ಕುಸಿಯಬಹುದು.

ಇದು ನಡೆಯುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಅಂದರೆ ಮೂರರಿಂದ ಏಳನೆಯ ದಿನದೊಳಗೆ, ಮತ್ತು 24ರಿಂದ 48 ಗಂಟೆಗಳ ಕಾಲ. ಜ್ವರ ಬಿಟ್ಟಿತೆಂದು ರೋಗಿಯನ್ನು ಮನೆಗೆ ಕರೆದೊಯ್ಯಲು ಅವಸರಪಡುವವರನ್ನು ನಾನು ಕೈಮುಗಿದು ತಡೆಯುವುದು ಈ ಕಾರಣಕ್ಕೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಹಗಲೆನ್ನದೆ ಆಸ್ಪತ್ರೆಗೆ ಬರಬೇಕು. ಹೆಮಟೋಕ್ರಿಟ್ ಮೊದಲಿಗಿಂತ 20 ಶೇಕಡಾ ಏರಿದರೆ, ಉದಾಹರಣೆಗೆ 41 ಇದ್ದದ್ದು 49 ದಾಟಿದರೆ, ಸೋರುವಿಕೆ ಗಣನೀಯವಾಗಿದೆ ಎಂದು ತಿಳಿಯುತ್ತೇವೆ. ಭಾವನವರ ಹಿಮೋಗ್ಲೋಬಿನ್ ಏರಿದ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಕುಡಿದು ತುಂಬಿಸುವ ವಿಚಾರಕ್ಕೆ ಬರುತ್ತೇನೆ. ವಾಂತಿ ಇಲ್ಲದ ರೋಗಿ ಕುಡಿಯಲೇಬೇಕು. ಆದರೆ ಬರೀ ನೀರಿಗಿಂತ ಓಆರ್‌ಎಸ್, ಉಪ್ಪು ಹಾಕಿದ ಗಂಜಿತಿಳಿ ಒಳ್ಳೆಯದು, ಏಕೆಂದರೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ಪ್ಲಾಸ್ಮಾದ ಸೋಡಿಯಂ ತೆಳುವಾಗುತ್ತದೆ. ಸೋರುವಿಕೆ ಜೋರಾಗಿದ್ದಾಗ ಬಾಯಿಯ ದಾರಿ ಸಾಲುವುದಿಲ್ಲ, ಪ್ಲಾಸ್ಮಾದ ಲವಣಾಂಶಕ್ಕೆ ಹತ್ತಿರವಾದ ದ್ರವವನ್ನು ಡ್ರಿಪ್ ಮೂಲಕ ಕೊಡುತ್ತೇವೆ. ಅದರಲ್ಲಿ ಪ್ರೋಟೀನು ಇಲ್ಲದ ಕಾರಣ ಕೊಟ್ಟದ್ದರಲ್ಲೂ ಒಂದು ಪಾಲು ಹೊರಕ್ಕೆ ಹೋಗುತ್ತದೆ. ಹಾಗೆಂದು ಹೆಚ್ಚು ಹೆಚ್ಚು ಸುರಿಯುವಂತಿಲ್ಲ. ಗೋಡೆ ಸರಿಯಾದ ಬಳಿಕ ಹೊರಗಿದ್ದ ದ್ರವವೆಲ್ಲ ನಾಳದೊಳಗೆ ಮರಳುತ್ತದೆ. ಆ ಹೊತ್ತಿನಲ್ಲೂ ಡ್ರಿಪ್ ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಮೂತ್ರವನ್ನು ಅಳೆದು ಬರೆದಿಡಲು ಹೇಳಿದ್ದು ಈ ಎರಡರ ನಡುವಿನ ಅಳತೆಯನ್ನು ಹಿಡಿಯಲಿಕ್ಕೆ.

ಪ್ಲೇಟ್‌ಲೆಟ್ ಮುಖ್ಯವೇ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ರಕ್ತಸ್ರಾವವಿಲ್ಲದ ರೋಗಿಗೆ ಎಣಿಕೆ 10,000ಕ್ಕಿಂತ ಕೆಳಗೆ ಇಳಿಯುವ ಮೊದಲೇ ಪ್ಲೇಟ್‌ಲೆಟ್ ಕೊಡುವುದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಪ್ಲಾಸ್ಮಾ ಸೋರಿ ರಕ್ತದೊತ್ತಡ ಕುಸಿದು ಸಾಯುವ ರೋಗಿಯನ್ನು ಸಕಾಲದಲ್ಲಿ ಅಳೆದು ಕೊಟ್ಟ ದ್ರವ ಉಳಿಸುತ್ತದೆ. ಪಪ್ಪಾಯಿ ಎಲೆಯ ರಸ ಈ ಸೋರುವಿಕೆಯನ್ನು ನಿಲ್ಲಿಸುತ್ತದೆ ಎನ್ನಲು ಆಧಾರವಿಲ್ಲ. ವಾಂತಿ ಮಾಡುತ್ತಿರುವ ರೋಗಿಗೆ ಅದನ್ನು ಕುಡಿಸಬೇಡಿ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳೂ ಬೇಡ.

ಮಕ್ಕಳಿಗೆ ಹೇಳುವುದಾದರೆ ಆಲ್ಬುಮಿನ್ನಿನ ಇನ್ನೊಂದು ಕೆಲಸವನ್ನೂ ಹೇಳಿ. ನೀರಿನಲ್ಲಿ ಕರಗದ ಅನೇಕ ವಸ್ತುಗಳನ್ನು, ಅಂದರೆ ಕೊಬ್ಬಿನಾಮ್ಲ, ಬಿಲಿರುಬಿನ್, ಹಲವು ಔಷಧಿಗಳನ್ನು, ಅದು ಹೊತ್ತು ಸಾಗುತ್ತದೆ. ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಬೇರೊಂದು ಪ್ರೋಟೀನು ಒಯ್ಯುತ್ತದೆ. ಇಂಗಾಲದ ಡೈಆಕ್ಸೈಡಿನ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿ ಪ್ಲಾಸ್ಮಾದ ಮೂಲಕವೇ ಶ್ವಾಸಕೋಶವನ್ನು ಸೇರುತ್ತದೆ, ಮತ್ತು ಅದೇ ಬೈಕಾರ್ಬೊನೇಟ್ ರಕ್ತದ ಪಿಎಚ್ 7.35 ಮತ್ತು 7.45ರ ನಡುವೆ ನಿಲ್ಲಲು ನೆರವಾಗುತ್ತದೆ. ಪ್ರತಿಕಾಯಗಳನ್ನು ಬಿಟ್ಟರೆ ಪ್ಲಾಸ್ಮಾದ ಹೆಚ್ಚಿನ ಪ್ರೋಟೀನುಗಳು ಯಕೃತ್ತಿನಲ್ಲೇ ತಯಾರಾಗುತ್ತವೆ. ಕುಡಿತದಿಂದ ಯಕೃತ್ತು ಕೆಟ್ಟವರ ಹೊಟ್ಟೆಯಲ್ಲಿ ನೀರು ತುಂಬುವುದಕ್ಕೂ, ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲದಿರುವುದಕ್ಕೂ ಇದೊಂದು ಕಾರಣ.

ಪ್ರಶ್ನೆ: ಮುಳ್ಳೇರಿಯದ ಕೃಷಿಕ

ಡಾಕ್ಟರೇ, ಬಹಳ ಉಪಯುಕ್ತವಾದ ಉತ್ತರ. ಇದಕ್ಕೆ ಸಂಬಂಧಿಸಿದ್ದೇ ಆದ ಒಂದು ಪ್ರಶ್ನೆ ನನ್ನಲ್ಲೂ ಇದೆ. ನಮ್ಮ ಅಡಿಕೆ ತೋಟಗಳಲ್ಲಿ ಕೊಳಕುಮಂಡಲ ಹಾವು ಕಚ್ಚುವುದು ಅಪರೂಪವೇನಲ್ಲ. ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಒಯ್ದರೆ ಮೊದಲು ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಟ್ಟು ಕಾಯುತ್ತಾರೆ. ಆ ಕಾಯುವಿಕೆ ಮನೆಯವರಿಗೆ ಸಹಿಸಲಾಗದ್ದು. ಅದರಿಂದ ತಿಳಿಯುವುದೇನು? ರಕ್ತ ನೀರಾಗಿದೆ ಎನ್ನುತ್ತಾರಲ್ಲ, ಅದು ಕೂಡ ಪ್ಲಾಸ್ಮಾದ ತೊಂದರೆಯೇ?

ಉತ್ತರ: ಮಂಜೇಶ್ವರದ ವೈದ್ಯ

ಹೌದು ಅಣ್ಣ, ಅದು ಪ್ಲಾಸ್ಮಾದ್ದೇ ತೊಂದರೆ. ಗಾಯವಾದಾಗ ಪ್ಲಾಸ್ಮಾದಲ್ಲಿರುವ ಹೆಪ್ಪುಗಟ್ಟುವ ಅಂಶಗಳು ಒಂದನ್ನೊಂದು ಚುರುಕುಗೊಳಿಸುತ್ತಾ ಹೋಗಿ, ಕೊನೆಯಲ್ಲಿ ಕರಗಿದ ರೂಪದ ಫೈಬ್ರಿನೋಜನ್ ಫೈಬ್ರಿನ್ ಎಂಬ ಎಳೆಗಳಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ಕೊಳಕುಮಂಡಲದ ವಿಷವು ಈ ಅಂಶಗಳಲ್ಲಿ ಹತ್ತನೆಯದನ್ನೂ ಐದನೆಯದನ್ನೂ ನೇರವಾಗಿ ಕೆರಳಿಸುತ್ತದೆ. ಅಗತ್ಯವಿಲ್ಲದ ಕಡೆಯಲ್ಲೆಲ್ಲ ಹೆಪ್ಪುಗಟ್ಟುವ ಕ್ರಿಯೆ ನಡೆದು ಫೈಬ್ರಿನೋಜನ್ ಪೂರ್ತಿ ಖರ್ಚಾಗುತ್ತದೆ. ಆಮೇಲೆ ನಿಜವಾಗಿ ಬೇಕಾದಲ್ಲಿ ಹೆಪ್ಪುಗಟ್ಟಲು ಏನೂ ಉಳಿದಿರುವುದಿಲ್ಲ.

ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮೂರು ಮಿಲಿಲೀಟರ್ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಬಾಗಿಸಿ ನೋಡುತ್ತೇವೆ. ರಕ್ತ ಇನ್ನೂ ಹರಿದರೆ ವಿಷ ಪ್ಲಾಸ್ಮಾದ ಮೇಲೆ ಕೆಲಸ ಮಾಡಿದೆ ಎಂದು ಅರ್ಥ, ಪ್ರತಿವಿಷವನ್ನು ಕೂಡಲೇ ಕೊಡಬೇಕು. ಪ್ಲಾಸ್ಟಿಕ್ ನಳಿಕೆಯಾದರೆ, ಅಥವಾ ಗಾಜಿನದ್ದನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಪ್ರತಿವಿಷ ಕೊಟ್ಟು ಆರು ಗಂಟೆಗಳ ಬಳಿಕ ಅದೇ ಪರೀಕ್ಷೆಯನ್ನು ಮತ್ತೆ ಮಾಡುತ್ತೇವೆ, ಏಕೆಂದರೆ ಯಕೃತ್ತು ಫೈಬ್ರಿನೋಜನನ್ನು ಹೊಸದಾಗಿ ತಯಾರಿಸಿ ಪ್ಲಾಸ್ಮಾಕ್ಕೆ ತುಂಬಲು ಸುಮಾರು ಅಷ್ಟು ಹೊತ್ತು ಬೇಕು. ಈ ಹಾವಿನ ವಿಷದಿಂದಲೂ ಕೆಲವರಲ್ಲಿ ಲೋಮನಾಳಗಳು ಸೋರುತ್ತವೆ. ಕಣ್ಣಿನ ಬಿಳಿಭಾಗವೂ ಕಿವಿಯ ಕೆಳಗಿನ ಕೆನ್ನೆಯೂ ಊದಿಕೊಂಡರೆ ನಮಗೆ ಅದು ಗಂಭೀರವಾದ ಲಕ್ಷಣ.

ಪ್ರತಿವಿಷವೂ ಪ್ಲಾಸ್ಮಾದಿಂದಲೇ ಬರುವಂಥದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ಪ್ಲಾಸ್ಮಾದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ, ಶುದ್ಧೀಕರಿಸಿ ಅದನ್ನು ತಯಾರಿಸುತ್ತಾರೆ. ಕುದುರೆಯ ಪ್ರೋಟೀನು ನಮ್ಮ ದೇಹಕ್ಕೆ ಹೊರಗಿನದಾದ್ದರಿಂದ ಕೆಲವರಿಗೆ ಅಲರ್ಜಿಯಾಗುತ್ತದೆ. ಹೀಗಾಗಿ ಅಲರ್ಜಿಯನ್ನು ಕೂಡಲೇ ನಿಭಾಯಿಸುವ ಸಿದ್ಧತೆ ಇರುವ ಆಸ್ಪತ್ರೆಯಲ್ಲೇ ಅದನ್ನು ಕೊಡಬೇಕು.

ಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ಇಷ್ಟು ತಾಳ್ಮೆಯಿಂದ ವಿವರಿಸಿದ ನಿಮ್ಮಿಬ್ಬರಿಗೂ ನಾನು ಋಣಿ. ಒಂದೇ ಒಂದು ಸಂದೇಹ ಉಳಿದಿದೆ. ದಾನಿಗಳಿಂದ ಪಡೆದ ಪ್ಲಾಸ್ಮಾವನ್ನೇ ಇಂಥವರಿಗೆ ಕೊಟ್ಟರೆ ಆಗುವುದಿಲ್ಲವೇ? ನನ್ನ ತಮ್ಮನದು ಎಬಿ ಗುಂಪು. ಅವನ ರಕ್ತ ಹೆಚ್ಚು ಜನರಿಗೆ ಹೊಂದುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಅವನು ರಕ್ತದಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾನೆ.

ಉತ್ತರ: ಕುಂಬಳೆಯ ಲ್ಯಾಬ್ ತಂತ್ರಜ್ಞ

ಟೀಚರೇ, ಡೆಂಗಿಯ ಸೋರುವಿಕೆಗೆಂದು ಪ್ಲಾಸ್ಮಾ ಕೊಡುವುದಿಲ್ಲ, ಗೋಡೆ ಸಡಿಲವಾಗಿರುವಾಗ ಅದೂ ಸೋರುತ್ತದೆ. ರಕ್ತಸ್ರಾವವಿದ್ದು ಹೆಪ್ಪುಗಟ್ಟುವ ಅಂಶಗಳು ಕಡಿಮೆಯಾದಾಗ ಮಾತ್ರ ಅದು ಬೇಕಾಗುತ್ತದೆ. ಹಾವಿನ ವಿಷದಲ್ಲೂ ಪ್ರತಿವಿಷ ಕೊಡದೆ ಪ್ಲಾಸ್ಮಾ ಕೊಟ್ಟರೆ ವಿಷವು ಹೊಸ ಅಂಶಗಳನ್ನೂ ಖರ್ಚುಮಾಡಿಬಿಡುತ್ತದೆ. ಯಕೃತ್ತಿನ ಕಾಯಿಲೆ, ಹೆರಿಗೆಯ ತೀವ್ರ ರಕ್ತಸ್ರಾವ, ದೊಡ್ಡ ಅಪಘಾತ ಇಂಥ ಸಂದರ್ಭಗಳಲ್ಲಿ ಅದು ಜೀವ ಉಳಿಸುತ್ತದೆ.

ದಾನಿಯಿಂದ ಪಡೆದ ಒಂದು ಚೀಲ ರಕ್ತವನ್ನು ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸುತ್ತಾರೆ. ಕೆಂಪು ಕಣಗಳನ್ನು ತಂಪುಪೆಟ್ಟಿಗೆಯಲ್ಲಿ ಐದಾರು ವಾರ, ಪ್ಲೇಟ್‌ಲೆಟ್‌ಗಳನ್ನು ಕೋಣೆಯ ಉಷ್ಣತೆಯಲ್ಲಿ ಅಲುಗಾಡಿಸುತ್ತಾ ಐದು ದಿನ ಇಡಬಹುದು. ಪ್ಲಾಸ್ಮಾವನ್ನು ಕೆಲವೇ ಗಂಟೆಗಳೊಳಗೆ ಘನೀಕರಿಸಿ ಮೈನಸ್ 18 ಡಿಗ್ರಿಗಿಂತ ತಣ್ಣಗೆ ಇಟ್ಟರೆ ಒಂದು ವರ್ಷ ಕೆಡುವುದಿಲ್ಲ. ದಾನಿಯ ದೇಹ ಕಳೆದುಕೊಂಡ ಪ್ಲಾಸ್ಮಾ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ವಾರಗಳೇ ಬೇಕು. ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಬೇಕೆಂಬ ನಿಯಮ ಇರುವುದು ಇದಕ್ಕಾಗಿ.

ನಿಮ್ಮ ತಮ್ಮನವರಿಗೆ ದಯವಿಟ್ಟು ಹೇಳಿ: ಎಬಿ ಗುಂಪಿನ ಕೆಂಪು ಕಣಗಳನ್ನು ಎಬಿ ಗುಂಪಿನವರಿಗೆ ಮಾತ್ರ ಕೊಡಬಹುದೆಂಬುದು ನಿಜ. ಆದರೆ ಪ್ಲಾಸ್ಮಾದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಎ ಗುಂಪಿನವರ ಪ್ಲಾಸ್ಮಾದಲ್ಲಿ ಬಿ ಕಣಗಳ ವಿರುದ್ಧ, ಬಿ ಗುಂಪಿನವರಲ್ಲಿ ಎ ಕಣಗಳ ವಿರುದ್ಧ, ಒ ಗುಂಪಿನವರಲ್ಲಿ ಎರಡರ ವಿರುದ್ಧವೂ ಪ್ರತಿಕಾಯಗಳಿರುತ್ತವೆ. ಎಬಿ ಗುಂಪಿನವರ ಪ್ಲಾಸ್ಮಾದಲ್ಲಿ ಈ ಎರಡೂ ಇಲ್ಲ, ಆದ್ದರಿಂದ ರೋಗಿಯ ಗುಂಪು ಯಾವುದೇ ಇದ್ದರೂ ಅದನ್ನು ಕೊಡಬಹುದು. ಗುಂಪು ಪರೀಕ್ಷಿಸುವಷ್ಟು ಸಮಯವೂ ಇಲ್ಲದ ತುರ್ತಿನಲ್ಲಿ ರಕ್ತನಿಧಿಯವರು ಮೊದಲು ಹುಡುಕುವುದು ಎಬಿ ಪ್ಲಾಸ್ಮಾವನ್ನು. ಆ ಗುಂಪಿನ ಜನ ಎಲ್ಲ ಕಡೆಯೂ ಕಡಿಮೆ ಇರುವುದರಿಂದ ಅದು ಸದಾ ಕೊರತೆಯಲ್ಲೇ ಇರುತ್ತದೆ. ಅವರು ಆರೋಗ್ಯವಾಗಿದ್ದು ತೂಕ 45 ಕಿಲೋ ದಾಟಿದ್ದರೆ ಹತ್ತಿರದ ಶಿಬಿರಕ್ಕೆ ಹೋಗಬಹುದು. ಇತ್ತೀಚೆಗೆ ಡೆಂಗಿ ಬಂದಿದ್ದರೆ ಅದನ್ನು ಅಲ್ಲಿನ ವೈದ್ಯರಿಗೆ ಮೊದಲೇ ತಿಳಿಸಬೇಕು, ಗುಣವಾದ ಮೇಲೂ ಕೆಲವು ಕಾಲ ಕಾಯಲು ಅವರು ಹೇಳುತ್ತಾರೆ.